ಚರಗದ ಬುತ್ತಿ, ಗಂಜಿ ಕೇಂದ್ರದ ಕೋಣೆ

ಹುಬ್ಬಳ್ಳಿಯಿಂದ ಗದಗಿಗೆ ಬಸ್ಸುಗಳಿಗೇನೂ ಬರವಿಲ್ಲ. ಆದರೂ ನಾನು ರೈಲು ಹಿಡಿದೆ. ಈ ಭಾಗಕ್ಕೆ ಹಳಿ ಬಂದದ್ದರ ಹಿಂದೆ ಒಂದು ದೊಡ್ಡ ಬರದ ಕಥೆ ಇದೆ. 1876ರಿಂದ 78ರವರೆಗೆ ಧಾರವಾಡ, ಕಲಾದಗಿ ಸೀಮೆ ಮಳೆಯಿಲ್ಲದೆ ಒಣಗಿತು. ಕಾಳು ಇದ್ದ ಕಡೆಯಿಂದ ಇಲ್ಲದ ಕಡೆಗೆ ತರಲು ಚಕ್ಕಡಿ ಬೇಕು, ಚಕ್ಕಡಿ ಎಳೆಯುವ ಎತ್ತಿಗೆ ಮೇವು ಬೇಕು. ಮೇವು ಎಲ್ಲಿತ್ತು? ಮುಂದಿನ ಬರಕ್ಕಾದರೂ ಕಾಳು ಹೊತ್ತಿಗೆ ಸರಿಯಾಗಿ ಮುಟ್ಟಲಿ ಅಂತ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಇಲ್ಲೆಲ್ಲ ಹಳಿ ಹಾಕಿತು.

ಆ ಬರದಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಒಂದು ಲೆಕ್ಕ ಹಾಕಿದ್ದ. ಪರಿಹಾರದ ಕೆಲಸಕ್ಕೆ ಬಂದ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಮೇಲೆ ಚೂರು ಕಾಸು. ಒಂದು ಪೌಂಡ್ ಅಂದರೆ ಸುಮಾರು 450 ಗ್ರಾಂ. ಅಷ್ಟು ಜೋಳದಿಂದ ಸಿಗುವುದು ಹೆಚ್ಚುಕಡಿಮೆ 1,500 ಕ್ಯಾಲರಿ. ಇವತ್ತು ತುರ್ತು ಪರಿಹಾರದಲ್ಲಿ ಒಬ್ಬರಿಗೆ ದಿನಕ್ಕೆ 2,100 ಕ್ಯಾಲರಿ ಅಂತ ಅಳತೆ ಇಟ್ಟುಕೊಂಡು ನಾವು ಪಡಿತರ ಯೋಚಿಸುತ್ತೇವೆ. ಬಿಸಿಲಲ್ಲಿ ದಿನವಿಡೀ ಕಲ್ಲು ಒಡೆಯುವವರಿಗೆ ಅದೂ ಸಾಲದು. ಆ ಒಂದು ಪೌಂಡಿನ ಲೆಕ್ಕ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಮನುಷ್ಯ ಎಷ್ಟು ಕಡಿಮೆ ತಿಂದು ಬದುಕಬಲ್ಲ ಅಂತ ಅಳೆಯುವುದು ಒಂದು ದಾರಿ. ಅವನು ಬದುಕಲು ಏನೇನು ಬೇಕು ಅಂತ ಅವನನ್ನೇ ಕೇಳುವುದು ಇನ್ನೊಂದು ದಾರಿ.

ನನ್ನ ಕೆಲಸ ಈ ಎರಡನೆಯದು. ಈಶಾನ್ಯ ನೈಜೀರಿಯಾದ ಮೈದುಗುರಿಯಲ್ಲಿ ಪೌಷ್ಟಿಕತೆ ಮತ್ತು ನಡವಳಿಕೆ ಬದಲಾವಣೆಯ ತಂಡ ನಡೆಸುತ್ತೇನೆ. ಅಲ್ಲಿ 2009ರಿಂದ ನಡೆದಿರುವ ಹಿಂಸೆಗೆ ಸುಮಾರು 20 ಲಕ್ಷ ಜನ ಮನೆ ಬಿಟ್ಟಿದ್ದಾರೆ. 2025ರ ಜುಲೈನಲ್ಲಿ ವಿಶ್ವ ಆಹಾರ ಕಾರ್ಯಕ್ರಮದವರು ಹಣ ಮುಗಿಯಿತು, ಅಲ್ಲಿ ಪಡಿತರ ನಿಲ್ಲಿಸಬೇಕಾಗುತ್ತದೆ ಅಂದಾಗ ನಮ್ಮ ತಂಡದಲ್ಲಿ ಯಾರಿಗೂ ನಿದ್ದೆ ಬರಲಿಲ್ಲ. ರಜೆಗೆ ಧಾರವಾಡಕ್ಕೆ ಬಂದಿದ್ದೆ. ರೋಣ ತಾಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿರುವ ಗೆಳತಿ, "ಎಳ್ಳಮಾಸಿಗೆ ಬಾ, ಚರಗಾನೂ ನೋಡಿದಂಗ ಆಗತೈತಿ, ನಮ್ಮ ಟೀಚರ್‌ಗಳ ಜೋಡಿ ಮಾತೂ ಆಗತೈತಿ" ಅಂದಳು.

ಕುಸುಗಲ್ ದಾಟಿದರೆ ಎರಡೂ ಕಡೆ ಎರಿ ಹೊಲ. ಕಡಲೆ, ಬಿಳಿಜೋಳ, ನಡುನಡುವೆ ಕುಸುಬಿ. ಅಣ್ಣಿಗೇರಿಯಲ್ಲಿ ರೈಲು ನಿಂತಿತು. 2010ರಲ್ಲಿ ಈ ಊರಲ್ಲಿ ಚರಂಡಿ ಅಗೆಯುವಾಗ ನೂರಾರು ತಲೆಬುರುಡೆ ಸಿಕ್ಕಿದ್ದವು. ಯುದ್ಧದಲ್ಲಿ ಸತ್ತವರದು ಅಂದವರಿದ್ದಾರೆ, ಬರದಲ್ಲಿ ಸತ್ತವರದು ಅಂದವರೂ ಇದ್ದಾರೆ. ನಮ್ಮ ಕಡೆ ಬರ ಅನ್ನುವುದು ಹಳೆಯ ಕಥೆಯೂ ಅಲ್ಲ. 2023ರಲ್ಲಿ ರಾಜ್ಯದ 236 ತಾಲೂಕುಗಳ ಪೈಕಿ 223ನ್ನು ಬರಪೀಡಿತ ಅಂತ ಸರ್ಕಾರ ಘೋಷಿಸಿತು.

ಗದಗಿನಲ್ಲಿ ಗೆಳತಿ ಕಾಯುತ್ತಿದ್ದಳು. ವೀರನಾರಾಯಣನಿಗೆ ಕೈ ಮುಗಿದು, ಗಿರಮಿಟ್ಟು ತಿಂದು, ಎಪಿಎಂಸಿ ಕಡೆ ಹೋದೆವು. ಶೇಂಗಾ ನೋಡಬೇಕಿತ್ತು ನನಗೆ.

ಜಗತ್ತಿನಲ್ಲಿ ಎಲ್ಲೇ ಹಸಿವಿನ ಬಿಕ್ಕಟ್ಟು ಬಂದರೂ ತೀರಾ ಸೊರಗಿದ ಮಕ್ಕಳಿಗೆ ಈಗ ಕೊಡುವುದು ಶೇಂಗಾ ಪೇಸ್ಟಿನ ಪೊಟ್ಟಣ. 92 ಗ್ರಾಂ, 500 ಕ್ಯಾಲರಿ. ಶೇಂಗಾ, ಹಾಲಿನ ಪುಡಿ, ಸಕ್ಕರೆ, ಎಣ್ಣೆ, ಜೊತೆಗೆ ವಿಟಮಿನ್ ಮತ್ತು ಖನಿಜ. ಫ್ರಾನ್ಸಿನ ಮಕ್ಕಳ ವೈದ್ಯ ಆಂದ್ರೆ ಬ್ರಿಯಾಂ ಮತ್ತು ನ್ಯೂಟ್ರಿಸೆಟ್ ಕಂಪನಿಯವರು 1996ರಲ್ಲಿ ಇದನ್ನು ತಯಾರಿಸಿದರು. ಅದಕ್ಕೂ ಮುಂಚೆ ಇಂಥ ಮಕ್ಕಳಿಗೆ ವಿಶೇಷ ಹಾಲನ್ನು ಶುದ್ಧ ನೀರಲ್ಲಿ ಕಲಸಿ, ಆಸ್ಪತ್ರೆಯಲ್ಲಿ ಇಟ್ಟುಕೊಂಡೇ ಕುಡಿಸಬೇಕಿತ್ತು. ಆಸ್ಪತ್ರೆ ದೂರ, ನೀರು ಕೊಳಕು, ಮನೆಯಲ್ಲಿ ಇನ್ನೂ ಮೂರು ಮಕ್ಕಳು. ತಾಯಿ ಎಷ್ಟು ದಿನ ಅಲ್ಲಿ ಕೂರುತ್ತಾಳೆ? ಪೊಟ್ಟಣಕ್ಕೆ ನೀರು ಬೇಡ, ಒಲೆ ಬೇಡ. ಮೂಲೆ ಹರಿದು ಬಾಯಿಗೆ ಹಿಂಡಿದರೆ ಆಯಿತು. ಬೇರೆ ಕಾಯಿಲೆ ಇಲ್ಲದ, ಹಸಿವು ಉಳಿದಿರುವ ಮಗು ಮನೆಯಲ್ಲೇ ಚೇತರಿಸಿಕೊಳ್ಳುತ್ತದೆ.

ಆದರೆ ಶೇಂಗಾದಲ್ಲಿ ಬೂಷ್ಟು ಬರಬಾರದು. ಬಂದರೆ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಮಾರುಕಟ್ಟೆಯಲ್ಲಿ ಹಮಾಲಿ ಅಣ್ಣನೊಬ್ಬ ಒಂದು ಕಾಯಿ ಎತ್ತಿ ಕಿವಿ ಹತ್ತಿರ ಅಲ್ಲಾಡಿಸಿ ತೋರಿಸಿದ. "ಒಳಗ ಗಲಗಲ ಅನಬೇಕ್ರಿ. ಅನಲಿಲ್ಲಂದ್ರ ಇನ್ನಾ ಹಸಿ ಐತಿ ಅಂತ ತಿಳ್ಕೋರಿ." ಪರೀಕ್ಷೆ ಮಾಡುವ ಯಂತ್ರ ಇಲ್ಲದ ಊರಲ್ಲಿ ಮೊದಲ ಪರೀಕ್ಷೆ ಇದೇ.

ಪೊಟ್ಟಣ ಕೊಟ್ಟ ಕೂಡಲೇ ಕೆಲಸ ಮುಗಿಯಿತು ಅಂತ ತಿಳಿಯುವವರು ಬಹಳ ಜನ. ಮೈದುಗುರಿಯಲ್ಲಿ ತಾಯಂದಿರು ಒಂದು ಪೊಟ್ಟಣವನ್ನು ಮೂರು ಮಕ್ಕಳಿಗೆ ಹಂಚುತ್ತಾರೆ. ಹಂಚಬೇಡಿ, ಇದು ಔಷಧಿ ಅಂತ ಎಷ್ಟು ಹೇಳಿದರೂ ಅಷ್ಟೇ. ಒಂದು ಕೂಸು ತಿನ್ನುವಾಗ ಇನ್ನೆರಡು ಬಾಯಿ ನೋಡುತ್ತ ಕೂತರೆ ಯಾವ ತಾಯಿ ತಡೆದುಕೊಳ್ಳುತ್ತಾಳೆ? ಆಕೆಗೆ ತಿಳಿವಳಿಕೆ ಕಡಿಮೆ ಇಲ್ಲ, ಮನೆಯಲ್ಲಿ ಕಾಳು ಕಡಿಮೆ ಇದೆ. ಉಳಿದ ಮಕ್ಕಳಿಗೂ ಪಡಿತರ ಕೊಟ್ಟಾಗಲೇ ಪೊಟ್ಟಣ ಸೇರಬೇಕಾದ ಬಾಯಿಗೆ ಸೇರುತ್ತದೆ. ತಂಡ ನಡೆಸುವವರ ಮುಖ್ಯ ಕೆಲಸ ಇದೇ ಅಂತ ನಾನು ನಂಬುತ್ತೇನೆ. ತಾಯಿಗೆ ಪಾಠ ಹೇಳುವ ಮುಂಚೆ ಆಕೆಯ ದಾರಿಗೆ ಏನು ಅಡ್ಡ ನಿಂತಿದೆ ಅಂತ ನೋಡಿ, ಅದನ್ನು ಸರಿಸಲು ಮೇಲಿನವರ ಹತ್ತಿರ ಜಗಳ ಮಾಡುವುದು.

ಮರುದಿನ ರೋಣದ ಹತ್ತಿರ ಒಂದು ಹೊಲದಲ್ಲಿ ಚರಗ. ಎಳ್ಳಮಾವಾಸ್ಯೆಗೆ ಭೂಮಿತಾಯಿ ಬಸುರಿ ಅಂತ ನಂಬಿಕೆ. ಬಯಕೆಯ ಊಟ ಮಾಡಿ ಹೊಲಕ್ಕೆ ಒಯ್ದು, ಹೊಲದ ತುಂಬ ಚೆಲ್ಲಿ, ಆಮೇಲೆ ಮನೆಮಂದಿ, ಬಂದುಹೋದವರು ಎಲ್ಲ ಕೂತು ಉಣ್ಣುತ್ತಾರೆ. ಬುತ್ತಿ ಬಿಚ್ಚಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಉಸಳಿ, ಮೆಂತ್ಯ ಪಲ್ಯ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಕೆನೆಮೊಸರು, ಶೇಂಗಾ ಹೋಳಿಗೆ. ಸುಮ್ನೆ ನೋಡುತ್ತ ಕೂತರೂ ಹೊಟ್ಟೆ ತುಂಬುವ ಊಟ.

ನಮ್ಮ ಕೆಲಸದಲ್ಲಿ ಹೆಂಗಸರ ಊಟ ಅಳೆಯಲು ಹತ್ತು ಗುಂಪುಗಳ ಒಂದು ಲೆಕ್ಕ ಇದೆ. ಧಾನ್ಯ, ಬೇಳೆಕಾಳು, ಎಣ್ಣೆಬೀಜ, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ಹಸಿರು ಸೊಪ್ಪು, ವಿಟಮಿನ್ ಎ ಇರುವ ಹಣ್ಣು-ತರಕಾರಿ, ಬೇರೆ ತರಕಾರಿ, ಬೇರೆ ಹಣ್ಣು. ನಿನ್ನೆ ಒಂದು ದಿನದಲ್ಲಿ ಇವುಗಳಲ್ಲಿ ಐದಾದರೂ ತಿಂದಿರಬೇಕು. ಚರಗದ ಬುತ್ತಿಯಲ್ಲಿ ಆರು ಇದ್ದವು. ಕೂತಿದ್ದ ಹೆಂಗಸರ ಜೊತೆ ಬೆರಳು ಮಡಚಿ ಎಣಿಸಿದೆವು. ಆಮೇಲೆ ಕೇಳಿದೆ, ನಿನ್ನೆ ಏನು ಉಂಡಿದ್ರಿ?

"ನಿನ್ನೇನ್ರಿ ಅಕ್ಕಾರ, ಹಬ್ಬದ ಅಡಿಗಿ ತಯಾರಿ ಇತ್ತು. ನಾವು ರೊಟ್ಟಿ-ಚಟ್ನಿ ತಿಂದು ಮಕ್ಕೊಂಡ್ವಿ" ಅಂದಳು ಒಬ್ಬಳು. ಪಕ್ಕದವಳು, "ಮೊಸರು ಇತ್ತು. ಗಂಡಸ್ರಿಗೆ ಆತು" ಅಂದಳು. ಯಾರೂ ದೂರಿನ ಧಾಟಿಯಲ್ಲಿ ಹೇಳಲಿಲ್ಲ. ಒಳ್ಳೆಯ ಊಟ ಯಾವುದು ಅಂತ ಇವರಿಗೆ ನಾನು ಹೇಳಿಕೊಡಬೇಕಾಗಿಲ್ಲ, ಬುತ್ತಿ ಕಟ್ಟಿದವರೇ ಅವರು. ದಿನಾ ಯಾರ ತಾಟಿಗೆ ಏನು ಬೀಳುತ್ತದೆ ಅನ್ನುವುದು ಬೇರೆ ಮಾತು. ಅದನ್ನು ಗಂಡಸರ ಜೊತೆ, ಮನೆಯ ಹಿರಿಯರ ಜೊತೆ ಕೂತು ಆಡಬೇಕು.

ಮಧ್ಯಾಹ್ನ ಅಂಗನವಾಡಿಯಲ್ಲಿ ಟೀಚರ್‌ಗಳ ಸಭೆ. ಗೆಳತಿಯ ಚಿಂತೆ ಒಂದೇ. ಆರು ತಿಂಗಳು ತುಂಬಿದ ಮಕ್ಕಳಿಗೆ ಎದೆಹಾಲಿನ ಜೊತೆ ಗಟ್ಟಿ ಊಟ ಶುರು ಮಾಡಿ ಅಂತ ಹೇಳುತ್ತಲೇ ಇದ್ದಾರೆ, ಅನ್ನಪ್ರಾಶನ ಕಾರ್ಯಕ್ರಮಾನೂ ಮಾಡುತ್ತಾರೆ, ಆದರೂ ಒಂಬತ್ತು-ಹತ್ತು ತಿಂಗಳವರೆಗೆ ಮಕ್ಕಳು ತೆಳ್ಳನೆಯ ಗಂಜಿಯ ಮೇಲೇ ಇರುತ್ತಾರೆ. ಇಂಥ ಕಡೆ ನಾವು ಒಂದು ವಿಧಾನ ಬಳಸುತ್ತೇವೆ. ಹೇಳಿದ ಕೆಲಸ ಮಾಡುತ್ತಿರುವ 45 ಜನ, ಮಾಡದಿರುವ 45 ಜನ, ಇಬ್ಬರಿಗೂ ಅವೇ ಪ್ರಶ್ನೆ. ಏನು ಸುಲಭ, ಏನು ಕಷ್ಟ, ಯಾರು ಬೇಡ ಅಂತಾರೆ, ಮಾಡಿದರೆ ಏನು ಕೆಟ್ಟದಾಗುತ್ತೆ ಅಂತ ಅನಿಸುತ್ತೆ? ಎರಡು ಗುಂಪಿನ ಉತ್ತರ ಎಲ್ಲಿ ಬೇರೆಯಾಗುತ್ತದೋ ಅಲ್ಲಿ ಕೆಲಸ ಮಾಡಬೇಕು. ಆ ಮಧ್ಯಾಹ್ನ ಅಷ್ಟು ಜನರನ್ನು ಕೇಳಲು ಆಗುವಂತಿರಲಿಲ್ಲ. ಹತ್ತಿರದ ಕೆಲವು ಮನೆಗಳಿಗೆ ಹೋದೆವು. ಸುಗ್ಗಿಯಲ್ಲಿ ತಾಯಿ ಬೆಳಕು ಹರಿಯುವ ಮೊದಲೇ ಹೊಲಕ್ಕೆ ಹೋಗುತ್ತಾಳೆ, ಕೂಸು ಅಜ್ಜಿಯ ಮಡಿಲಲ್ಲಿ.

"ಕೂಸಿಗೆ ಮುಂಜಾನೆ ಏನ್ ಕೊಡ್ತೀರಿ ಅಮ್ಮಾ?"

"ಚಾದಾಗ ಬಿಸ್ಕೀಟ್ ಅದ್ದಿ ಕೊಡ್ತೀನವ್ವಾ. ಗಟ್ಟಿ ಅನ್ನ ಕೊಟ್ರ ಗಂಟಲದಾಗ ಸಿಕ್ಕೊಂಡ್ರ ಏನ್ ಮಾಡ್ಲಿ? ಮನ್ಯಾಗ ನಾನೊಬ್ಬಾಕಿನ ಇರ್ತೀನಿ."

ಅಡ್ಡ ಇದ್ದದ್ದು ಇದು. ಆಕೆಯ ಭಯ ಸುಳ್ಳಲ್ಲ, ಪ್ರೀತಿಯಿಂದ ಹುಟ್ಟಿದ ಭಯ. ಗೆಳತಿ ಅಲ್ಲೇ ಕೂತು ಹೆಸರುಬೇಳೆ-ಅನ್ನ ಕಿವುಚಿ, ಮೇಲೆ ತುಪ್ಪ ಹಾಕಿ, ಚಮಚ ಓರೆ ಮಾಡಿದರೂ ಜಾರಿ ಬೀಳದಷ್ಟು ಗಟ್ಟಿ ಮಾಡಿ ತೋರಿಸಿದಳು. ಕೂಸನ್ನು ನೆಟ್ಟಗೆ ಕೂರಿಸಿ ಸ್ವಲ್ಪ ಸ್ವಲ್ಪ ಉಣಿಸಿದರು. ಅಜ್ಜಿಯೇ ಉಣಿಸಿದ್ದು. ಚಹಾ ಕುಡಿಸಿದರೆ ಊಟದಲ್ಲಿನ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ ಅಂತಲೂ ಮಾತಾಯಿತು. "ಇಷ್ಟ್ ವರ್ಷ ನನ್ನ ಯಾರೂ ಮೀಟಿಂಗಿಗೆ ಕರದಿಲ್ಲ ನೋಡವ್ವಾ" ಅಂದರು ಆಕೆ. ಅಂಗನವಾಡಿ ರಿಜಿಸ್ಟರಿನಲ್ಲಿ ತಾಯಿಯ ಹೆಸರಿದೆ, ಉಣಿಸುವವರ ಹೆಸರಿಲ್ಲ. ಸೆನೆಗಾಲ್ ದೇಶದಲ್ಲಿ ಜೂಡಿ ಆಬೆಲ್ ಎಂಬವರು ಅಜ್ಜಿಯರನ್ನೇ ನಡುವೆ ಕೂರಿಸಿಕೊಂಡು ಇಂಥ ಕೆಲಸ ಕಟ್ಟಿದ್ದಾರೆ. ನಮ್ಮಲ್ಲಿ ಅದು ಇನ್ನೂ ಸುಲಭ ಆಗಬೇಕು, ಅಜ್ಜಿಯ ಮಾತಿಗೆ ಇಲ್ಲಿ ಇವತ್ತಿಗೂ ಬೆಲೆ ಇದೆಯಲ್ವಾ?

ಮಗು ಎಷ್ಟು ಸೊರಗಿದೆ ಅಂತ ಅಳೆಯುವ ತೋಳಿನ ಪಟ್ಟಿಯನ್ನೂ ಆ ಅಜ್ಜಿಯ ಕೈಗೇ ಕೊಟ್ಟೆ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ಎಡತೋಳಿನ ನಡುಭಾಗಕ್ಕೆ ಸುತ್ತಬೇಕು. 11.5 ಸೆಂಟಿಮೀಟರಿಗಿಂತ ಕಡಿಮೆ ಅಂದರೆ ಕೆಂಪು, ಮಗು ತೀರಾ ಸೊರಗಿದೆ. 12.5ರವರೆಗೆ ಹಳದಿ, ಸ್ವಲ್ಪ ಸೊರಗಿದೆ. ಮೇಲೆ ಹಸಿರು. ಎರಡೂ ಪಾದದ ಮೇಲೆ ಹೆಬ್ಬೆರಳಿಂದ ಮೂರು ಸೆಕೆಂಡ್ ಒತ್ತಿ, ಕುಳಿ ಉಳಿದರೆ ಅದು ಬಾವು, ಕೂಡಲೇ ಆಸ್ಪತ್ರೆ. ಓದು ಬರಹ ಬೇಡ, ಬಣ್ಣ ಗೊತ್ತಿದ್ದರೆ ಸಾಕು. ನೈಜರ್ ದೇಶದಲ್ಲಿ ತಾಯಂದಿರ ಅಳತೆಯನ್ನು ಆರೋಗ್ಯ ಕಾರ್ಯಕರ್ತರ ಅಳತೆ ಜೊತೆ ಇಟ್ಟು ನೋಡಿದ್ದಾರೆ, ತಾಯಂದಿರು ಹಿಂದೆ ಬಿದ್ದಿಲ್ಲ. ಈ ಅಜ್ಜಿ ಮೊಮ್ಮಗುವಿಗೆ ಸುತ್ತಿದಾಗ ಹಸಿರು ಬಂತು. ಪಕ್ಕದ ಮನೆಯ ಕೂಸಿಗೆ ಹಳದಿ. ಟೀಚರ್ ಅಲ್ಲೇ ಬರೆದುಕೊಂಡರು.

ಕೊನೆಯ ಊರು ಹೊಳೆಆಲೂರು. ಮಲಪ್ರಭೆ ಆ ಹೊತ್ತಿಗೆ ಸಣ್ಣಗಾಗಿದ್ದಳು. 2009ರಲ್ಲಿ, ಮತ್ತೆ 2019ರ ಆಗಸ್ಟಿನಲ್ಲಿ ಇದೇ ಹೊಳೆ ಊರೊಳಗೆ ನುಗ್ಗಿತ್ತು. ಬರದ ತಾಲೂಕಿನಲ್ಲೇ ನೆರೆ. ಹೊಳೆದಂಡೆಯ ಹೆಂಗಸರು ಗಂಜಿ ಕೇಂದ್ರದ ದಿನಗಳನ್ನು ಹೇಳಿದರು. ಅನ್ನ-ಸಾರಿಗೆ ಕೊರತೆ ಇರಲಿಲ್ಲವಂತೆ, ದಾನಿಗಳು ಧಾರಾಳವಾಗಿ ಕೊಟ್ಟರು. ಆಗ ಎಳೆಕೂಸು ಇದ್ದ ಒಬ್ಬಳು ಮಾತ್ರ ಬಹಳ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡಿದಳು. ಒಂದೇ ಹಾಲ್, ಸುತ್ತ ಗಂಡಸರು. ಸೆರಗು ಮುಚ್ಚಿ ಹಾಲುಣಿಸಲೂ ನಾಚಿಕೆ. ಹೆದರಿಕೆಗೆ ಹಾಲು ಬತ್ತಿತು ಅಂತ ಎಲ್ಲರೂ ಅಂದರು. ಯಾರೋ ಹಾಲಿನ ಪುಡಿಯ ಡಬ್ಬಿ ಕೊಟ್ಟರು. ಬಾಟಲಿ ತೊಳೆಯಲು ಇದ್ದದ್ದು ನೆರೆಯ ನೀರು. ಕೂಸಿಗೆ ಭೇದಿ ಹತ್ತಿತು. ಉಳಿಯಿತು, ಈಗ ಶಾಲೆಗೆ ಹೋಗುತ್ತದೆ.

ಈ ಮಾತು ಎಲ್ಲ ದಾನಿಗಳಿಗೂ ಕೇಳಿಸಬೇಕು. ಹೆದರಿಕೆಯಿಂದ ಹಾಲು ಇಳಿಯುವುದು ಸ್ವಲ್ಪ ಹೊತ್ತು ತಡವಾಗಬಹುದು, ಬತ್ತುವುದಿಲ್ಲ. ಕೂಸು ಚೀಪುತ್ತಿದ್ದರೆ ಮತ್ತೆ ಬರುತ್ತದೆ. ತಾಯಿಗೆ ಬೇಕಾದ್ದು ಮರೆ, ನೀರು, ಹೊಟ್ಟೆತುಂಬ ಊಟ, ಧೈರ್ಯ ಹೇಳುವ ಒಬ್ಬಳು ಹೆಂಗಸು. ಶಿಶುಹಾಲಿನ ಪುಡಿ, ಬಾಟಲಿಗಳನ್ನು ಹೀಗೆ ಹಂಚುವುದಕ್ಕೆ ನಮ್ಮ ದೇಶದ 1992ರ ಕಾಯ್ದೆಯಲ್ಲೇ ತಡೆ ಇದೆ. ತಾಯಿ ಇಲ್ಲದ ಕೂಸಿಗೆ ಪುಡಿ ಬೇಕೇ ಬೇಕು, ಆದರೆ ಅದು ಆರೋಗ್ಯದವರ ಕೈಯಿಂದ, ಕುದಿಸಿದ ನೀರಿನ ಜೊತೆ ಬರಬೇಕು.

ಮೈದುಗುರಿಯಲ್ಲಿ ಹೆಂಗಸರು ಆರು ಪಾಲು ಜೋಳ ಅಥವಾ ಸಜ್ಜೆ, ಮೂರು ಪಾಲು ಸೋಯಾ, ಒಂದು ಪಾಲು ಶೇಂಗಾ ಹುರಿದು ಬೀಸಿ ಹಿಟ್ಟು ಮಾಡುತ್ತಾರೆ, ಟಾಮ್ ಬ್ರೌನ್ ಅಂತ ಅದರ ಹೆಸರು, ಅಂತ ಹೇಳಿದೆ. ಕೇಳಿದವರ ಮುಖ ಅರಳಿತು. ಅದೇ ಜೋಳ, ಅದೇ ಸಜ್ಜಿ, ಅದೇ ಶೇಂಗಾ. ಸೋಯಾ ಬದಲು ಹೆಸರುಕಾಳು ಹಾಕಿದರೆ ನಡೀತದೇನು ಅಂತ ಕೇಳಿದರು. ನಡೆಯುತ್ತದೆ, ಹೆಸರುಕಾಳು ಸ್ವಲ್ಪ ಜಾಸ್ತಿ ಹಾಕಿ ಅಂದೆ.

ಸಂಜೆಯವರೆಗೂ ಕೂತು ಮುಂದಿನ ಮಳೆಗಾಲಕ್ಕೆ ಅವರೇ ಪಟ್ಟಿ ಮಾಡಿದರು. ಗಂಜಿ ಕೇಂದ್ರ ತೆರೆದರೆ ಬಾವಿ ಕಡೆಗಿರುವ ಕೋಣೆ ಬಾಣಂತಿಯರಿಗೆ, ಅಲ್ಲಿ ಅಕ್ಕಿ ಚೀಲ ಇಡುವಂತಿಲ್ಲ. ಎರಡು ವರ್ಷದೊಳಗಿನ ಮಕ್ಕಳ ಹೆಸರಿನ ಮುಂದೆ ಉಣಿಸುವವರ ಹೆಸರು. ಜೂನ್ ಬರುವ ಮುಂಚೆ ಹುರಿದ ಹಿಟ್ಟು ಒಂದೊಂದು ಡಬ್ಬಿ. ತಕರಾರು ಬಂದದ್ದು ಕೋಣೆಯ ಕೀಲಿಯ ಬಗ್ಗೆ. ಹೋದ ಸಲ ಕೀಲಿ ಇಟ್ಟುಕೊಂಡವರು ಆಚೆ ದಂಡೆಯಲ್ಲಿ ಸಿಕ್ಕಿಬಿದ್ದಿದ್ದರಂತೆ. ಸಾಕಷ್ಟು ವಾದ ಆದ ಮೇಲೆ ಎರಡು ಕೀಲಿ ಮಾಡಿಸುವುದು ಅಂತಾಯಿತು. ಒಂದು ಅಂಗನವಾಡಿ ಟೀಚರ್ ಹತ್ತಿರ, ಇನ್ನೊಂದು ಮೇಲಿನ ಓಣಿಯ ಸೂಲಗಿತ್ತಿ ಅಜ್ಜಿಯ ಹತ್ತಿರ.