ಮೊದಲ ಸಲ ಚರ್ಚ್ ಒಳಗೆ

ನಿನ್ನೆ ಭಾನುವಾರ ಗೆಳತಿಯ ಜೊತೆ ಬೆಳಗಾವಿ ಕ್ಯಾಂಪಿನ ಫಾತಿಮಾ ಕೆಥೆಡ್ರಲ್‌ಗೆ ಬಲಿಪೂಜೆಗೆ (ಕಥೋಲಿಕರ ಸಾಮೂಹಿಕ ಪ್ರಾರ್ಥನೆ, ಮಾಸ್) ಹೋಗಿದ್ದೆ. ಇಷ್ಟು ವರ್ಷ ಹೊರಗಿನಿಂದಲೇ ನೋಡಿದ್ದೆ. ಒಳಗೆ ಬಿಡ್ತಾರೋ ಇಲ್ವೋ ಅನ್ನೋ ಅಳುಕು. ಯಾರೂ ಏನೂ ಕೇಳಲಿಲ್ಲ.

ಬಾಗಿಲ ಪಕ್ಕದ ಬಟ್ಟಲಿನಲ್ಲಿ ತೀರ್ಥ. ಅವಳು ಬೆರಳ ತುದಿ ಅದ್ದಿ ಹಣೆ, ಎದೆ, ಎಡಭುಜ, ಬಲಭುಜ ಮುಟ್ಟಿಕೊಂಡಳು. "ನೀ ಮಾಡಲೇಬೇಕು ಅಂತೇನಿಲ್ಲ, ಬಾ" ಅಂದಳು.

ಪೂಜೆ ಸುಮಾರು ಒಂದು ತಾಸು. ಏಳೋದು, ಕೂರೋದು, ಮೊಣಕಾಲೂರೋದು ಜಾಸ್ತಿ. ಹಿಂದಿನ ಸಾಲಲ್ಲಿ ಕೂತು ಮುಂದಿನವರನ್ನು ನೋಡಿಕೊಂಡರೆ ಸಾಕು.

ನಡುವೆ ಎಲ್ಲರೂ ಅಕ್ಕಪಕ್ಕದವರ ಕಡೆ ತಿರುಗಿ ಕೈಮುಗಿದು ಶಾಂತಿ ಹಾರೈಸುತ್ತಾರೆ. ಪಕ್ಕದ ಅಜ್ಜಿ ಬೆರಳಿಗೆ ಜಪಮಾಲೆ ಸುತ್ತಿಕೊಂಡೇ ನನಗೂ ಕೈಮುಗಿದರು. ಗುರುತೇ ಇಲ್ಲದವರು ನಮ್ಮ ಮನಸ್ಸಿಗೆ ಶಾಂತಿ ಬಯಸೋದು ದಿನಾ ಸಿಗುವಂಥದ್ದಲ್ಲ ಅಲ್ವಾ? ಕಣ್ಣು ತುಂಬಿ ಬಂತು.

ಒಂದು ಗೊತ್ತಿರಲಿ. ಪರಮಪ್ರಸಾದ, ಅಂದರೆ ಪೂಜೆಯಲ್ಲಿ ಸಾಲಾಗಿ ಹೋಗಿ ತಗೊಳ್ಳೋ ತೆಳು ರೊಟ್ಟಿ, ನಮ್ಮ ಗುಡಿಯ ಪ್ರಸಾದದ ಹಾಗೆ ಎಲ್ಲರೂ ತಗೊಳ್ಳೋದಲ್ಲ. ಕಥೋಲಿಕರಿಗೆ ಅದು ಕ್ರಿಸ್ತನ ದೇಹವೇ. ಸಾಲು ಹೊರಟಾಗ ನಾನು ಸುಮ್ನೆ ಕೂತಿದ್ದೆ. ಯಾರೂ ಬೇರೆ ಥರ ನೋಡಲಿಲ್ಲ.

ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಅದೇ ಅಜ್ಜಿ. "ನಾಷ್ಟಾ ಆತೇನವ್ವಾ?" ಅಂದರು.