ಆಗುಂಬೆ ಘಾಟಿಯಿಂದ ನೋಡಿದ ಎನ್ ವಿಷನ್ 74

ನಾನು ಆರನೆಯ ತರಗತಿಯಲ್ಲಿದ್ದಾಗ, ದೀಪಾವಳಿ ಮುಗಿಸಿಕೊಂಡು ಉಡುಪಿಯ ಅಜ್ಜಿಮನೆಯಿಂದ ತೀರ್ಥಹಳ್ಳಿಗೆ ಮರಳುವಾಗ, ಅಪ್ಪನ ಹಳೆಯ ಕಾರು ಆಗುಂಬೆ ಘಾಟಿಯ ಅರ್ಧದಲ್ಲಿ ನಿಂತುಬಿಟ್ಟಿತು. ಬಾನೆಟ್ಟಿನ ಸಂದಿಯಿಂದ ಆವಿ ಏಳುತ್ತಿತ್ತು. ಅಪ್ಪ ಡಿಕ್ಕಿಯಲ್ಲಿದ್ದ ಗೋಣಿಚೀಲವನ್ನು ಬಂಡೆಯಿಂದ ಇಳಿಯುತ್ತಿದ್ದ ನೀರಿನಲ್ಲಿ ನೆನೆಸಿ, ನಾಲ್ಕು ಮಡಿಕೆ ಮಾಡಿ ರೇಡಿಯೇಟರಿನ ಮುಚ್ಚಳದ ಮೇಲೆ ಹಾಕಿ, ಮುಖವನ್ನು ಆಚೆ ತಿರುಗಿಸಿಕೊಂಡು ಕಾಲು ಸುತ್ತಿನಷ್ಟು ಮಾತ್ರ ಸಡಿಲಿಸಿದರು. ಸೀಟಿ ಊದಿದಂತೆ ಸದ್ದಾಗಿ, ಗೋಣಿಯ ಅಂಚಿನಿಂದ ತುಕ್ಕಿನ ಬಣ್ಣದ ನೀರು ಬುಸುಗುಟ್ಟುತ್ತ ಹೊರಚೆಲ್ಲಿತು. ಮುಕ್ಕಾಲು ಗಂಟೆ ನಾವು ರಸ್ತೆಯಂಚಿನ ಮೋಟುಗೋಡೆಯ ಮೇಲೆ ಕುಳಿತಿದ್ದೆವು. ಯಂತ್ರಕ್ಕೆ ಎಷ್ಟೇ ಶಕ್ತಿಯಿರಲಿ, ತಾನು ಹುಟ್ಟಿಸಿದ ಬಿಸಿಯನ್ನು ಹೊರಹಾಕಲು ಆಗುವಷ್ಟು ಹೊತ್ತು ಮಾತ್ರ ಆ ಶಕ್ತಿ ನಮ್ಮದು ಎಂಬುದು ನನಗೆ ಅಂದೇ ಮನದಟ್ಟಾಯಿತು.

ಆ ದಿನದ ನಂತರ ಯಾವ ವೇಗದ ಕಾರಿನ ಬಗ್ಗೆ ಓದಿದರೂ ಅದರ ಅಶ್ವಶಕ್ತಿಗಿಂತ ಮೊದಲು ಅದು ಬಿಸಿಯನ್ನು ಹೇಗೆ ನಿಭಾಯಿಸುತ್ತದೆ ಎಂದು ನೋಡುವುದು ನನ್ನ ಅಭ್ಯಾಸ. ಹ್ಯುಂಡೈ ಕಂಪನಿಯು 2022ರ ಜುಲೈನಲ್ಲಿ ಅನಾವರಣಗೊಳಿಸಿದ ಎನ್ ವಿಷನ್ 74 ಎಂಬ ಕಾನ್ಸೆಪ್ಟ್ (ಮಾರಾಟಕ್ಕಲ್ಲದ, ಪ್ರಯೋಗದ) ಕಾರು ನನ್ನನ್ನು ಇಷ್ಟು ಕಾಲ ಹಿಡಿದಿಟ್ಟುಕೊಂಡಿರುವುದಕ್ಕೂ ಇದೇ ಮುಖ್ಯ ಕಾರಣ. ಈಚೆಗೆ ಶಿವಮೊಗ್ಗದ ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ನನ್ನ ಕಾರಿನ ಕೆಲಸ ಮುಗಿಯುವುದನ್ನು ಕಾಯುತ್ತಿದ್ದಾಗ, ಪರಿಚಯದ ಮೆಕ್ಯಾನಿಕ್ ಒಬ್ಬರಿಗೆ, ಇದು ಎಂಜಿನ್ ಇಲ್ಲದೆ ವಿದ್ಯುತ್ತಿನಿಂದ ಓಡುವ ಕಾರು ಎಂದು ಹೇಳಿ, ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿದೆ. ಅವರು ಗ್ರೀಸ್ ಅಂಟಿದ ಕಿರುಬೆರಳಿನಿಂದ ಚಿತ್ರವನ್ನು ಹಿಗ್ಗಿಸಿ, ಮೂತಿಯ ಕೆಳಗಿನ ಅಗಲವಾದ ತೆರಪನ್ನೇ ಸ್ವಲ್ಪ ಹೊತ್ತು ನೋಡಿ, "ಎಂಜಿನ್ನೇ ಇಲ್ಲ ಅಂತೀರಿ, ಮತ್ತೆ ಇಷ್ಟು ಗಾಳಿ ಯಾಕೆ ಬೇಕು?" ಎಂದು ಕೇಳಿದರು. ಈ ಕಾರಿನ ಬಗ್ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ ಎಂದು ನನಗೆ ಅನಿಸಿತು. ಉತ್ತರಕ್ಕೆ ಬರುವ ಮೊದಲು ಕಾರಿನ ಹುಟ್ಟಿನ ಕಥೆಯನ್ನು ಹೇಳಲೇಬೇಕು.

ಹೆಸರಿನಲ್ಲಿರುವ 74, 1974ನೆಯ ಇಸವಿ. ಹ್ಯುಂಡೈ ಆಗ ಏಳು ವರ್ಷದ ಕೂಸು. ಫೋರ್ಡ್ ಕಾರ್ಟಿನಾ ಕಾರುಗಳನ್ನು ಜೋಡಿಸುತ್ತಿದ್ದ ಆ ಕಂಪನಿ ಸ್ವಂತ ಕಾರು ಮಾಡಬೇಕೆಂದು ಹೊರಟು, ಇಟಲಿಯ ಜಾರ್ಜೆಟೊ ಜುಜಾರೊ ಅವರಿಂದ ವಿನ್ಯಾಸ ಮಾಡಿಸಿತು. ಆ ವರ್ಷದ ಟ್ಯೂರಿನ್ ಮೋಟರ್ ಶೋದಲ್ಲಿ ಪೋನಿ ಎಂಬ ಸಣ್ಣ ಕಾರಿನ ಜೊತೆಯಲ್ಲೇ ಪೋನಿ ಕೂಪೆ ಎಂಬ ಎರಡು ಬಾಗಿಲಿನ, ಮಡಿಸಿದ ಕಾಗದದಂತೆ ಚೂಪು ಅಂಚುಗಳುಳ್ಳ ಕಾರೂ ನಿಂತಿತ್ತು. ಪೋನಿ ಕೊರಿಯಾದ ಮೊದಲ ಸ್ವಂತ ಮಾದರಿಯಾಗಿ ರಸ್ತೆಗಿಳಿಯಿತು. ಕೂಪೆ ಮಾತ್ರ ಇಳಿಯಲೇ ಇಲ್ಲ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ, 1981ರಲ್ಲಿ, ಆ ಯೋಜನೆಯನ್ನು ಕೈಬಿಡಲಾಯಿತು. ನಕ್ಷೆಗಳೂ ಮೂಲ ಕಾರೂ ಕಳೆದುಹೋದವು. ಅದೇ ವರ್ಷ ಜುಜಾರೊ ಅವರದೇ ರೇಖೆಗಳ ಡೆಲೋರಿಯನ್ ಎಂಬ ಸ್ಪೋರ್ಟ್ಸ್ ಕಾರು ಉತ್ಪಾದನೆಗೆ ಬಂತು, ಮತ್ತು ಕೂಪೆಯ ಬೆಣೆಯಾಕಾರವನ್ನು ಜಗತ್ತು ಆ ಕಾರಿನ ಹೆಸರಿನಲ್ಲಿ ನೆನಪಿಟ್ಟುಕೊಂಡಿತು. 2023ರ ಮೇ ತಿಂಗಳಲ್ಲಿ ಜುಜಾರೊ ಮತ್ತು ಅವರ ಮಗ ಫಾಬ್ರಿಟ್ಸಿಯೊ ಸೇರಿ ಕೂಪೆಯನ್ನು ಮತ್ತೆ ಕಟ್ಟಿ, ಇಟಲಿಯ ಕೊಮೊ ಸರೋವರದ ಬಳಿ ಪ್ರದರ್ಶಿಸಿದರು. ತನ್ನ ಯೌವನದ ಕೆಲಸವನ್ನು ಎಂಬತ್ತು ದಾಟಿದ ವಯಸ್ಸಿನಲ್ಲಿ ತಾನೇ ಮರಳಿ ಮಾಡುವ ಭಾಗ್ಯ ಎಷ್ಟು ಜನಕ್ಕೆ ಸಿಕ್ಕೀತು! ಜುಜಾರೊ ನಮಗೂ ದೂರದವರಲ್ಲ. ತೀರ್ಥಹಳ್ಳಿಯ ರಸ್ತೆಗಳಲ್ಲಿ ಒಂದು ಕಾಲಕ್ಕೆ ಓಡಾಡುತ್ತಿದ್ದ ದುಂಡುಕಣ್ಣಿನ ಮಾಟಿಜ್ ಕಾರೂ, ಅದಕ್ಕೂ ಮೊದಲು ಬಂದಿದ್ದ ಫಿಯೆಟ್ ಯುನೊ ಕೂಡ ಅವರದೇ ಕೈಯ ಕೂಸುಗಳು.

ಹಳೆಯದನ್ನು ನೆನೆಯುವ ಕಾರುಗಳಿಗೆ ಬರವಿಲ್ಲ. ಆದರೆ ನೆನೆಯುವ ಬಗೆಗಳಲ್ಲಿ ದೊಡ್ಡ ವ್ಯತ್ಯಾಸವಿದೆ, ಮತ್ತು ಎನ್ ವಿಷನ್ 74 ಅನ್ನು ಅದರ ಎದುರಾಳಿಗಳ ಪಕ್ಕದಲ್ಲಿ ನಿಲ್ಲಿಸಿದಾಗ ನನಗೆ ಮೊದಲು ಕಾಣುವುದು ಅದೇ. 1963ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಕಾಣಿಸಿಕೊಂಡ ಪೋರ್ಷೆ 911 ಮತ್ತೆ ಹುಟ್ಟುವ ಪ್ರಮೇಯವೇ ಬಂದಿಲ್ಲ, ಏಕೆಂದರೆ ಅದು ಎಂದೂ ನಿಂತೇ ಇಲ್ಲ. ಫ್ರಾನ್ಸಿನ ಆಲ್ಪೀನ್ ಎ110, 1962ರಿಂದ 1977ರವರೆಗೆ ತಯಾರಾಗಿ, 1973ರಲ್ಲಿ ವಿಶ್ವ ರ್‍ಯಾಲಿಯ ಮೊತ್ತಮೊದಲ ತಯಾರಕರ ಪ್ರಶಸ್ತಿ ಗೆದ್ದು, ನಲವತ್ತು ವರ್ಷದ ಬಿಡುವಿನ ಬಳಿಕ 2017ರಲ್ಲಿ ಅದೇ ನಾಲ್ಕು ದುಂಡು ದೀಪಗಳ ಮುಖ ಹೊತ್ತು ಮರಳಿತು. ಮಜ್ದಾ 2023ರ ಅಕ್ಟೋಬರಿನಲ್ಲಿ ಟೋಕಿಯೊದಲ್ಲಿ ತೋರಿಸಿದ ಐಕಾನಿಕ್ ಎಸ್‌ಪಿ, 2002ರವರೆಗೆ ಬಂದ ತನ್ನದೇ ಆರ್‌ಎಕ್ಸ್-7ರ ಮೈಕಟ್ಟನ್ನು ನೆನಪಿಸುತ್ತದೆ. ಇವೆಲ್ಲ ಗೆದ್ದ ಕಾರುಗಳ ನೆನಪು. ಹ್ಯುಂಡೈ ನೆನಪಿಸಿಕೊಂಡದ್ದು ಒಂದು ಮೀಟರ್ ದೂರವೂ ಮಾರಾಟದ ರಸ್ತೆಯಲ್ಲಿ ಓಡದ ಕಾರನ್ನು. ಅಲ್ಲಿ ಹೇಳಿಕೊಳ್ಳಲು ಪ್ರಶಸ್ತಿಯಿಲ್ಲ, ಮೆರೆಸಲು ಇತಿಹಾಸವಿಲ್ಲ. ಅರ್ಧಕ್ಕೆ ಬಿಟ್ಟ ಕೆಲಸವೊಂದಿದೆ, ಅದನ್ನು ಮುಗಿಸಬೇಕೆಂಬ ಹಟವಿದೆ. ಹೀಗಾಗಿ ಕೂಪೆಯ ಪಕ್ಕನೋಟವನ್ನೂ ಬಾಗಿಲಿನ ಹಿಂದಿನ ಓರೆ ಕಂಬವನ್ನೂ ಉಳಿಸಿಕೊಂಡು, ಉಳಿದೆಲ್ಲವನ್ನೂ ಹೊಸದಾಗಿ ಯೋಚಿಸುವ ಸ್ವಾತಂತ್ರ್ಯ ವಿನ್ಯಾಸಕಾರರಿಗೆ ಸಿಕ್ಕಿದೆ. ದೀಪಗಳು ಚೌಕ ಚೌಕ ಚುಕ್ಕಿಗಳಾಗಿವೆ, ಹಿಂದೆ ಎತ್ತರದ ರೆಕ್ಕೆಯಿದೆ, ಮೈಯಲ್ಲಿ ಎಲ್ಲೂ ಅನಗತ್ಯ ಬಳುಕಿಲ್ಲ.

ಈಗ ಮೆಕ್ಯಾನಿಕ್ ಕೇಳಿದ ಪ್ರಶ್ನೆಗೆ ಬರುತ್ತೇನೆ. ಈ ಕಾರಿನಲ್ಲಿ 62.4 ಕಿಲೊವಾಟ್ ಅವರ್ (ಅಂದರೆ ಯುನಿಟ್) ಬ್ಯಾಟರಿಯಿದೆ, ಅದರ ಜೊತೆಗೆ ಹೈಡ್ರೋಜನ್ನಿನಿಂದ ವಿದ್ಯುತ್ ಹುಟ್ಟಿಸುವ 85 ಕಿಲೊವಾಟಿನ ಫ್ಯೂಯೆಲ್ ಸೆಲ್ ಇದೆ, 4.2 ಕಿಲೊ ಹೈಡ್ರೋಜನ್ ತುಂಬುವ ಟ್ಯಾಂಕುಗಳಿವೆ. ಹಿಂದಿನ ಎರಡು ಚಕ್ರಗಳಿಗೆ ಎರಡು ಪ್ರತ್ಯೇಕ ಮೋಟರುಗಳು. ಒಟ್ಟು ಶಕ್ತಿ 500 ಕಿಲೊವಾಟಿಗೂ ಹೆಚ್ಚು, ಅಂದರೆ ಸುಮಾರು 680 ಅಶ್ವಶಕ್ತಿ. ತಿರುಚುಬಲ 900 ನ್ಯೂಟನ್ ಮೀಟರಿಗೂ ಮೇಲೆ. 85 ಕಿಲೊವಾಟ್ ಹುಟ್ಟಿಸುವ ಸೆಲ್ಲಿನಿಂದ 500 ಕಿಲೊವಾಟ್ ಹೇಗೆ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಮಲೆನಾಡಿನ ಅಬ್ಬಿ ನೀರಿನ ಉದಾಹರಣೆ ಕೊಡುತ್ತೇನೆ. ಗುಡ್ಡದ ಒರತೆಯಿಂದ ಅಡಿಕೆ ದಂಬೆಯ ಮೇಲೆ ಹರಿದು ಬರುವ ನೀರು ಹೆಬ್ಬೆರಳಿನಷ್ಟೇ ದಪ್ಪ. ಆದರೆ ಅದು ಹಗಲೂ ರಾತ್ರಿ ಬೀಳುತ್ತಲೇ ಇರುವುದರಿಂದ ಬಚ್ಚಲಿನ ತೊಟ್ಟಿ ಸದಾ ತುಂಬಿರುತ್ತದೆ, ಮನೆಗೆ ನೆಂಟರು ಬಂದ ದಿನ ಒಮ್ಮೆಲೇ ಹತ್ತು ಕೊಡ ಮೊಗೆದರೂ ತೊಂದರೆಯಾಗುವುದಿಲ್ಲ. ಇಲ್ಲಿ ಬ್ಯಾಟರಿಯೇ ತೊಟ್ಟಿ, ಫ್ಯೂಯೆಲ್ ಸೆಲ್ ಆ ಅಬ್ಬಿಯ ಧಾರೆ. ತಿರುವಿನಿಂದ ಹೊರಬರುವಾಗ ಬೇಕಾದ ಅಬ್ಬರದ ಶಕ್ತಿಯನ್ನು ತೊಟ್ಟಿಯಿಂದ ಮೊಗೆಯಬೇಕು. ಉಳಿದ ಹೊತ್ತಿನಲ್ಲಿ ಅಬ್ಬಿ ಅದನ್ನು ತುಂಬಿಸುತ್ತಿರಬೇಕು.

ತೊಂದರೆ ಇರುವುದು ಬಿಸಿಯಲ್ಲಿ. ಪೆಟ್ರೋಲ್ ಎಂಜಿನ್ನು ತನ್ನ ಬಿಸಿಯ ದೊಡ್ಡ ಪಾಲನ್ನು ಹೊಗೆಯ ಜೊತೆಯಲ್ಲೇ ಹೊರಗೆ ಕಳುಹಿಸಿಬಿಡುತ್ತದೆ. ಉಳಿದದ್ದನ್ನು ಹೊತ್ತು ತರುವ ರೇಡಿಯೇಟರಿನ ನೀರು 90 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಹೊರಗಿನ ಗಾಳಿಗೆ ಅದನ್ನು ದಾಟಿಸುವುದು ಸುಲಭ. ಫ್ಯೂಯೆಲ್ ಸೆಲ್ಲಿನಲ್ಲಿ ಹೈಡ್ರೋಜನ್ನು ಗಾಳಿಯ ಆಮ್ಲಜನಕದೊಡನೆ ಸೇರಿ ವಿದ್ಯುತ್ತಾಗುವಾಗ ಹೊರಬರುವುದು ಬರೀ ನೀರು, ಅದರ ಜೊತೆ ಹೋಗುವ ಬಿಸಿ ಬಹಳ ಕಡಿಮೆ. ಸೆಲ್ಲಿನ ಪೊರೆಗೆ 80 ಡಿಗ್ರಿಗಿಂತ ಹೆಚ್ಚು ಕಾವು ಒಗ್ಗುವುದೂ ಇಲ್ಲ. ಬ್ಯಾಟರಿಗಂತೂ 40 ಡಿಗ್ರಿ ದಾಟುವುದೇ ಕಷ್ಟ. ಕಾವು ಕಡಿಮೆಯಿದ್ದಷ್ಟೂ ಅದನ್ನು ಗಾಳಿಗೆ ದಾಟಿಸಲು ಹೆಚ್ಚು ಅಗಲದ ರೇಡಿಯೇಟರೂ ಹೆಚ್ಚು ಗಾಳಿಯೂ ಬೇಕು. ಆದ್ದರಿಂದಲೇ ಹ್ಯುಂಡೈ ಎಂಜಿನಿಯರುಗಳು ಈ ಕಾರಿಗೆ ಮೂರು ಕವಲಿನ ಶೀತಲ ವ್ಯವಸ್ಥೆಯನ್ನು ಮಾಡಿದ್ದಾರೆ, ಅದಕ್ಕಾಗಿಯೇ ಆ ಮೂತಿ ಅಷ್ಟು ಬಾಯಿ ತೆರೆದಿದೆ. ಇದನ್ನೆಲ್ಲ ವಿವರಿಸಿದಾಗ ಮೆಕ್ಯಾನಿಕ್ ತಲೆದೂಗಿ, "ಹಂಗಾದ್ರೆ ಘಾಟಿ ಹತ್ತೋ ಗಾಡಿಗೆ ಇರೋ ಕಷ್ಟವೇ ಅನ್ನಿ" ಎಂದರು.

ಎದುರಾಳಿಗಳನ್ನು ಇದೇ ಕಣ್ಣಿನಿಂದ ನೋಡೋಣ. 2020ರಲ್ಲಿ ಬಂದ 911 ಟರ್ಬೊ ಎಸ್ 650 ಅಶ್ವಶಕ್ತಿ, 800 ನ್ಯೂಟನ್ ಮೀಟರ್ ಕೊಡುತ್ತದೆ; ಕಾಗದದ ಮೇಲೆ 74 ಅದಕ್ಕಿಂತ ಮುಂದಿದೆ. ಆದರೆ ಪೋರ್ಷೆಯ ಹಿಂದೆ ಅರವತ್ತು ವರ್ಷಗಳ ತಿದ್ದುಪಡಿಯಿದೆ, ಸೋಮವಾರದಿಂದ ಶನಿವಾರದವರೆಗೆ ಕಚೇರಿಗೆ ಹೋಗಿ ಭಾನುವಾರ ಟ್ರ್ಯಾಕಿನಲ್ಲಿ ಓಡುವ ತಾಳ್ಮೆಯಿದೆ. ಒಂದು ಪ್ರಯೋಗದ ಕಾರನ್ನು ಅದರ ಜೊತೆ ಅಂಕಿಗಳಲ್ಲಿ ಅಳೆದು ಗೆಲುವು ಘೋಷಿಸುವುದು ನ್ಯಾಯವಲ್ಲ. 2007ರಿಂದ 2025ರವರೆಗೆ ತಯಾರಾದ ನಿಸಾನ್ ಜಿಟಿ-ಆರ್ ಬಗ್ಗೆಯೂ ನನ್ನ ಮಾತು ಇದೇ. ಒಬ್ಬನೇ ಕುಶಲಕರ್ಮಿ ಕೈಯಾರೆ ಜೋಡಿಸುತ್ತಿದ್ದ ಅದರ 3.8 ಲೀಟರ್ ಎಂಜಿನ್ನಿಗೆ ನಾನು ಸದಾ ಕೈಮುಗಿಯುತ್ತೇನೆ. ನಿಜವಾದ ಹೋಲಿಕೆ ಹ್ಯುಂಡೈನದೇ ಅಯಾನಿಕ್ 5 ಎನ್ ಜೊತೆ ಆಗಬೇಕು. 84 ಕಿಲೊವಾಟ್ ಅವರ್ ಬ್ಯಾಟರಿ, 650 ಅಶ್ವಶಕ್ತಿ, ಸುಮಾರು 2.2 ಟನ್ ತೂಕದ ಆ ಕಾರು ಅಂಗಡಿಯಲ್ಲಿ ಸಿಗುತ್ತದೆ. ಅಬ್ಬಿಯಿಲ್ಲದೆ ತೊಟ್ಟಿಯನ್ನೇ ದೊಡ್ಡದು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದು ಉತ್ತರ. ಚೆನ್ನಾಗಿಯೇ ಇದೆ, ಆದರೆ ಭಾರ.

ಭಾರದ ಮಾತು ಬಂದಾಗ ನಾನು ಆಲ್ಪೀನ್ ಪಕ್ಷ. ಅದರ ಸ್ಥಾಪಕ ಜಾನ್ ರೆಡೆಲೆ ಆಲ್ಪ್ಸ್ ಪರ್ವತದ ರಸ್ತೆಗಳಲ್ಲಿ ತನ್ನ ಪುಟ್ಟ ರೆನೊ ಓಡಿಸಿ ಪಟ್ಟ ಸುಖದ ನೆನಪಿಗೆ ಕಂಪನಿಗೆ ಆ ಹೆಸರಿಟ್ಟವನು. ಘಾಟಿಯ ಸುಖ ಬಲ್ಲವರು ಎಲ್ಲ ಕಡೆಯೂ ಒಂದೇ ಕುಲದವರು. ಹೊಸ ಎ110ರ ತೂಕ ಸುಮಾರು 1,100 ಕಿಲೊ, ಶಕ್ತಿ 252 ಅಶ್ವಶಕ್ತಿ, ಅಗಲ 1,798 ಮಿಲಿಮೀಟರ್. ಎನ್ ವಿಷನ್ 74ರ ಅಗಲ 1,995 ಮಿಲಿಮೀಟರ್, ಉದ್ದ 4,952. ಆಗುಂಬೆಯ ತಿರುವಿನಲ್ಲಿ ಮೇಲಿನಿಂದ ಮಿನಿಬಸ್ಸು ಬರುತ್ತಿರುವಾಗ, ಮಂಜಿನಲ್ಲಿ ಅದರ ಹಳದಿ ದೀಪ ಮಾತ್ರ ಕಾಣುತ್ತಿರುವಾಗ, ಆ ಒಂದು ಗೇಣಿನ ವ್ಯತ್ಯಾಸಕ್ಕೆ ಬೆಲೆ ಕಟ್ಟಲಾಗದು. 680 ಅಶ್ವಶಕ್ತಿಯನ್ನು ಅಲ್ಲಿ ಕಾಲು ಭಾಗವೂ ಬಳಸಲಾಗದು. ಏರುವ ದಾರಿಗೆ ನನ್ನ ಆಯ್ಕೆ ಆಲ್ಪೀನ್, ಅದರಲ್ಲಿ ಅನುಮಾನವಿಲ್ಲ. 1,450 ಕಿಲೊ ತೂಕದ, ಎರಡು ರೋಟರಿನ ಪುಟ್ಟ ಎಂಜಿನ್ನನ್ನು ವಿದ್ಯುತ್ ಹುಟ್ಟಿಸಲು ಇಟ್ಟುಕೊಂಡು 370 ಅಶ್ವಶಕ್ತಿ ಕೊಡುವ ಮಜ್ದಾ ಐಕಾನಿಕ್ ಎಸ್‌ಪಿ, ಇದೇ ಅಬ್ಬಿ ಮತ್ತು ತೊಟ್ಟಿಯ ಲೆಕ್ಕವನ್ನು ಹಗುರವಾಗಿ ಮಾಡಿ ತೋರಿಸುತ್ತದೆ. ಅದು ರಸ್ತೆಗೆ ಬಂದರೆ ಎರಡನೆಯ ಸ್ಥಾನ ಅದಕ್ಕೆ.

ಇಳಿಯುವ ದಾರಿಯಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. ಘಾಟಿಯ ಬುಡದಲ್ಲಿರುವ ಸೋಮೇಶ್ವರದ ಚೆಕ್‌ಪೋಸ್ಟ್ ಬಳಿ ನಿಂತರೆ ಇಳಿದು ಬಂದ ಗಾಡಿಗಳ ಬ್ರೇಕ್ ಲೈನರಿನ ಕಮಟು ವಾಸನೆ ಮೂಗಿಗೆ ಬಡಿಯುತ್ತದೆ. ಆಲ್ಪೀನೂ ಪೋರ್ಷೆಯೂ ತಮ್ಮ ಇಳಿಜಾರಿನ ಶಕ್ತಿಯನ್ನು ಹಾಗೆಯೇ ಬ್ರೇಕಿನ ತಟ್ಟೆಗಳಲ್ಲಿ ಸುಟ್ಟುಕೊಳ್ಳುತ್ತವೆ. ಎರಡು ಟನ್ನಿನ ಕಾರು ನೂರು ಮೀಟರ್ ಕೆಳಗಿಳಿದರೆ ಸುಮಾರು ಅರ್ಧ ಯುನಿಟ್ ವಿದ್ಯುತ್ತಿನಷ್ಟು ಶಕ್ತಿ ಬಿಡುಗಡೆಯಾಗುತ್ತದೆ. 74ರ ಮೋಟರುಗಳು ಅದರಲ್ಲಿ ಬಹುಪಾಲನ್ನು ಬ್ಯಾಟರಿಗೆ ಮರಳಿಸಬಲ್ಲವು. ತೊಟ್ಟಿ ಪೂರ್ತಿ ತುಂಬಿದ್ದರೆ ಮರಳಿಸಲು ಜಾಗವಿರುವುದಿಲ್ಲ, ಆದ್ದರಿಂದ ಘಾಟಿಗೆ ಮೊದಲು ಅಬ್ಬಿಯನ್ನು ಸ್ವಲ್ಪ ಹೊತ್ತು ನಿಲ್ಲಿಸುವ ಬುದ್ಧಿ ಕಾರಿಗಿರಬೇಕು. ಬರೀ ಬ್ಯಾಟರಿಯ ಕಾರಿನಲ್ಲಾದರೆ ಚಾರ್ಜ್ ಮಾಡುವಾಗಲೇ ಆ ಜಾಗ ಬಿಟ್ಟುಕೊಂಡಿರಬೇಕು.

ಹೈಡ್ರೋಜನ್ ಬಗ್ಗೆ ನನ್ನ ಆಕ್ಷೇಪವನ್ನೂ ಮುಚ್ಚಿಡುವುದಿಲ್ಲ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೊ ಹೈಡ್ರೋಜನ್ ಪಡೆಯಲು 50 ಯುನಿಟ್ಟಿಗೂ ಹೆಚ್ಚು ಖರ್ಚಾಗುತ್ತದೆ. 4.2 ಕಿಲೊ ಎಂದರೆ 210 ಯುನಿಟ್ ದಾಟಿತು. ಗೃಹಜ್ಯೋತಿ ಯೋಜನೆಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಗರಿಷ್ಠ ಮಿತಿ 200 ಯುನಿಟ್. ಒಂದು ಸಲ ಟ್ಯಾಂಕು ತುಂಬಿಸಲು ಅಷ್ಟೂ ಸಾಲದು. ಅಷ್ಟೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಎರಡು ಪಟ್ಟಿಗೂ ಹೆಚ್ಚು ದೂರ ಹೋಗಬಹುದು. ಶರಾವತಿಯ ನೀರಿನಿಂದ 1,035 ಮೆಗಾವಾಟ್ ಹುಟ್ಟಿಸಲು ಎಷ್ಟು ಊರುಗಳು ಮುಳುಗಿದವೆಂದು ಬಲ್ಲ ನಮ್ಮ ಸೀಮೆಯವರಿಗೆ ಯುನಿಟ್ಟಿನ ಲೆಕ್ಕ ಬರೀ ಅಂಕಿಯಲ್ಲ. ಐದು ನಿಮಿಷದಲ್ಲಿ ಟ್ಯಾಂಕು ತುಂಬುತ್ತದೆ, 600 ಕಿಲೊಮೀಟರಿಗೂ ಹೆಚ್ಚು ಓಡುತ್ತದೆ ಎಂಬ ಅನುಕೂಲಗಳನ್ನು ಒಪ್ಪುತ್ತಲೇ, ಮಳೆಗಾಲದಲ್ಲಿ ಜಲಾಶಯ ತುಂಬಿ ಹೆಚ್ಚಾಗುವ ವಿದ್ಯುತ್ತಿನಿಂದ ಮಾಡಿದ ಹೈಡ್ರೋಜನ್ ಆದರೆ ಮಾತ್ರ ನನ್ನ ಮನಸ್ಸು ಒಪ್ಪುತ್ತದೆ.

ಇಷ್ಟಾದರೂ ಗೋಡೆಗೆ ಅಂಟಿಸಿಕೊಳ್ಳಲು ಒಂದೇ ಚಿತ್ರ ಆರಿಸು ಎಂದರೆ ನಾನು 74ರ ಪಕ್ಕನೋಟವನ್ನೇ ಆರಿಸುತ್ತೇನೆ. ಹ್ಯುಂಡೈ ಇದನ್ನು ಮಾರಾಟಕ್ಕೆಂದು ಕಟ್ಟುವುದಾದರೆ ಅಗಲದಲ್ಲಿ ಒಂದು ಗೇಣು ಇಳಿಸಲಿ, ಆ ಓರೆ ಕಂಬವನ್ನು ಮಾತ್ರ ಮುಟ್ಟದಿರಲಿ. ನನ್ನ ಕಾರಿನ ಕೆಲಸ ಮುಗಿದು ಹೊರಡುವಾಗ ಮೆಕ್ಯಾನಿಕ್ ಇನ್ನೊಮ್ಮೆ ಮೊಬೈಲ್ ಇಸಿದುಕೊಂಡು, ಮೂತಿಯ ತೆರಪಿಗೆ ಜಾಲರಿಯಿದೆಯೇ ಎಂದು ನೋಡಿದರು. ಮಳೆಗಾಲದಲ್ಲಿ ಘಾಟಿಯ ಎಲೆಗಳೆಲ್ಲ ಹೋಗಿ ರೇಡಿಯೇಟರಿಗೆ ಅಂಟಿಕೊಂಡರೆ ಎಷ್ಟು ದೊಡ್ಡ ತೆರಪಿದ್ದೂ ಉಪಯೋಗವಿಲ್ಲವಂತೆ.