‘ಅದು ಅಚ್ಚಾಗಿದೆಯಲ್ಲ, ಬಿಡಿ’

ಹಸ್ತಪ್ರತಿಗಳ ಸೂಚಿ ಮಾಡುವ ನನ್ನ ಕೈಗೆ ಈ ವಾರವೂ ಸಿದ್ಧಾಂತಕೌಮುದಿಯೇ ಬಂತು, ಪಾಣಿನಿಯ ಸಂಸ್ಕೃತ ವ್ಯಾಕರಣಸೂತ್ರಗಳನ್ನು ವಿವರಿಸುವ ಭಟ್ಟೋಜಿ ದೀಕ್ಷಿತರ ಗ್ರಂಥ. ತಾಳೆಗರಿ, ಕನ್ನಡ ಲಿಪಿ. ಆದಿ ಇದೆ, ಅಂತ್ಯ ಇಲ್ಲ. ಮೇಲಿನ ಹಲಗೆ ಉಳಿದಿದೆ, ಕೆಳಗಿನದು ಎಲ್ಲೋ ಹೋಗಿದೆ. ಸೂಚಿಯಲ್ಲಿ ಇಂಥ ಕಟ್ಟಿಗೆ ಸಿಗುವುದು ಒಂದೇ ಸಾಲು: ‘ವ್ಯಾಕರಣ, ಅಸಮಗ್ರ, ಮುದ್ರಿತ’. ಆ ಕೊನೆಯ ಪದ ಬಿತ್ತೆಂದರೆ ಕಟ್ಟಿನ ಹಣೆಬರಹ ಮುಗಿದ ಹಾಗೆ. ಸ್ಕ್ಯಾನಿಂಗಿಗೆ ಕಳಿಸಬೇಕಾದವುಗಳ ಪಟ್ಟಿ ಹಿಡಿದು ಹೋದಾಗ ಮೇಲಿನವರು ಕಣ್ಣಾಡಿಸಿ ಹೇಳುತ್ತಾರೆ, “ಅದು ಅಚ್ಚಾಗಿದೆಯಲ್ಲ, ಬಿಡಿ.”

ಅವರ ಕಷ್ಟ ನನಗೆ ಗೊತ್ತಿಲ್ಲದ್ದೇನಲ್ಲ. ದುಡ್ಡು ಕಡಿಮೆ, ಕಟ್ಟುಗಳು ರಾಶಿ, ಹುಳು ಯಾರಿಗೂ ಕಾಯುವುದಿಲ್ಲ. ಎಲ್ಲರ ಮನಸ್ಸಿನಲ್ಲೂ ಮೈಸೂರಿನಲ್ಲಿ ಸಿಕ್ಕ ಕೌಟಿಲ್ಯನ ಅರ್ಥಶಾಸ್ತ್ರದ ಕಥೆ ಕೂತುಬಿಟ್ಟಿದೆ. 1905ರಲ್ಲಿ ತಂಜಾವೂರು ಸೀಮೆಯ ಪಂಡಿತರೊಬ್ಬರು ಓರಿಯಂಟಲ್ ಲೈಬ್ರರಿಗೆ ಗ್ರಂಥಲಿಪಿಯ ಒಂದು ಕಟ್ಟು ಒಪ್ಪಿಸಿದರು, ಅದು ಅಲ್ಲಿನ ವಿದ್ವಾಂಸ ಶಾಮಶಾಸ್ತ್ರಿಗಳ ಕೈಗೆ ಬಂತು, 1909ರಲ್ಲಿ ಅಚ್ಚಾಯಿತು, ಜಗತ್ತೇ ತಿರುಗಿ ನೋಡಿತು. ಅಂಥ ಇನ್ನೊಂದು ಸಿಕ್ಕೀತೆಂದು ಕಾಯುವವರಿಗೆ ಕೌಮುದಿಯ ಇನ್ನೊಂದು ಪ್ರತಿ ಎಂದರೆ ಆಕಳಿಕೆ ಬರುವುದು ಸಹಜ.

ನನಗೆ ಬರುವುದಿಲ್ಲ. ಪಾಠಶಾಲೆಯಲ್ಲಿ ವ್ಯಾಕರಣ ಓದಿದ್ದರ ದೋಷವೋ ಏನೋ. ಕಾವ್ಯದ ಓಲೆ, ವೇದಾಂತದ ಓಲೆ ಎಷ್ಟೇ ಮುರಿದಿದ್ದರೂ ತನ್ನ ಮಾತನ್ನು ತಾನೇ ಅಷ್ಟಿಷ್ಟು ಹೇಳಿಕೊಳ್ಳುತ್ತದೆ. ವ್ಯಾಕರಣದ ಓಲೆ ಹಾಗಲ್ಲ. ಪಕ್ಕದಲ್ಲಿ ಗುರು ಕೂತಿದ್ದಾನೆ ಎಂದು ನಂಬಿಕೊಂಡೇ ಅದನ್ನು ಬರೆದಿರುತ್ತಾರೆ.

ಕ್ರಿಯಾಪದಗಳ ಮೂಲರೂಪಗಳ ಪಟ್ಟಿಯಾದ ಧಾತುಪಾಠವನ್ನೇ ತೆಗೆದುಕೊಳ್ಳಿ. ಅದರ ಎರಡನೇ ಧಾತು ‘ಏಧ ವೃದ್ಧೌ’. ಆ ‘ಏಧ’ದ ಕೊನೆಯ ಅಕಾರ ಅನುನಾಸಿಕ (ಮೂಗಿನಿಂದ ಉಚ್ಚರಿಸುವಂಥದ್ದು), ಹಾಗಾಗಿ ‘ಇತ್’ ಎಂಬ ಬರೀ ಗುರುತಿನ ಅಕ್ಷರ, ಹಾಗಾಗಿ ಲೋಪ. ಅದು ಅನುದಾತ್ತವೂ (ತಗ್ಗಿದ ಸ್ವರದ್ದೂ) ಹೌದು, ಹಾಗಾಗಿ ಆತ್ಮನೇಪದ, ಅಂದರೆ ‘ತೇ’ ಬಗೆಯ ಪ್ರತ್ಯಯ. ಇಷ್ಟೆಲ್ಲ ಆದಮೇಲೆ ‘ಏಧತೇ’ ಎಂಬ ರೂಪ. ಗರಿಯ ಮೇಲೆ ಇದರ ಸುಳಿವೇ ಇಲ್ಲ. ಅನುನಾಸಿಕದ ಗುರುತಿಲ್ಲ, ಸ್ವರದ ಗೆರೆಯಿಲ್ಲ, ಇರುವುದು ‘ಏಧ’ ಎಂಬ ಎರಡಕ್ಷರ ಮಾತ್ರ. ‘ಉಪದೇಶೇಽಜನುನಾಸಿಕ ಇತ್’ ಎಂದು ಪಾಣಿನಿ ಸೂತ್ರ ಮಾಡಿಟ್ಟ, ಆದರೆ ಯಾವ ಅಚ್ (ಸ್ವರಾಕ್ಷರ) ಅನುನಾಸಿಕ ಎಂದು ತೋರಿಸುವ ಗುರುತು ನಮ್ಮವರೆಗೆ ಬರಲೇ ಇಲ್ಲ. ‘ಪ್ರತಿಜ್ಞಾನುನಾಸಿಕ್ಯಾಃ ಪಾಣಿನೀಯಾಃ’ ಎಂದು ಭಟ್ಟೋಜಿ ದೀಕ್ಷಿತರು ಅದನ್ನು ಒಂದೇ ಮಾತಿನಲ್ಲಿ ಮುಗಿಸುತ್ತಾರೆ: ಪಾಣಿನೀಯರು ಯಾವುದನ್ನು ಅನುನಾಸಿಕ ಎನ್ನುತ್ತಾರೋ ಅದು ಅನುನಾಸಿಕ. ಮುಂದಿನ ಸೂತ್ರಗಳಿಗೂ ಅನ್ವಯಿಸುವ ಅಧಿಕಾರಸೂತ್ರಗಳ ಪಾಡೂ ಇದೇ. ‘ಸ್ವರಿತೇನಾಧಿಕಾರಃ’ (ಸ್ವರಿತವೆಂಬ ಸ್ವರದಿಂದ ಅಧಿಕಾರ ಗೊತ್ತಾಗುತ್ತದೆ) ಎಂದು ಸೂತ್ರವಿದೆ, ಸ್ವರಿತದ ಚಿಹ್ನೆ ಮಾತ್ರ ಯಾವ ಕಟ್ಟಿನಲ್ಲೂ ನಾನು ಕಂಡಿಲ್ಲ. ಓಲೆಯೊಂದನ್ನೇ ಇಟ್ಟುಕೊಂಡು ವ್ಯಾಕರಣ ಕಲಿಯುತ್ತೇನೆಂದು ಹೊರಟವನು ಎರಡನೇ ಧಾತುವಿನಲ್ಲೇ ಮುಗ್ಗರಿಸುತ್ತಾನೆ.

ಇದು ಹಳೆಯ ತಲೆನೋವು. ಭರ್ತೃಹರಿಯ ವ್ಯಾಕರಣಗ್ರಂಥ ವಾಕ್ಯಪದೀಯದ ಎರಡನೇ ಕಾಂಡದ ಕೊನೆಯಲ್ಲಿ ಒಂದು ಶ್ಲೋಕ ಬರುತ್ತದೆ. ಪಾಣಿನಿಗೆ ಮಹಾಭಾಷ್ಯ ಬರೆದ ಪತಂಜಲಿಯ ಶಿಷ್ಯರಿಂದ ಜಾರಿಹೋದ ವ್ಯಾಕರಣಾಗಮ ಕಾಲಾಂತರದಲ್ಲಿ ‘ದಾಕ್ಷಿಣಾತ್ಯೇಷು ಗ್ರಂಥಮಾತ್ರೇ ವ್ಯವಸ್ಥಿತಃ’, ಅಂದರೆ ದಕ್ಷಿಣದವರಲ್ಲಿ ಬರೀ ಪುಸ್ತಕವಾಗಿ ಉಳಿದುಕೊಂಡಿತ್ತು ಅಂತ. ಆ ‘ಮಾತ್ರ’ದಲ್ಲಿ ಎಷ್ಟು ನೋವಿದೆ ನೋಡಿ. ಪುಸ್ತಕ ಇತ್ತು, ಪಾಠ ಹೇಳುವವರಿರಲಿಲ್ಲ. ಆ ಮಹಾಭಾಷ್ಯಕ್ಕೆ ಭರ್ತೃಹರಿ ಬರೆದ ವ್ಯಾಖ್ಯಾನ ಮಹಾಭಾಷ್ಯದೀಪಿಕೆಗೂ ಮುಂದೆ ಹೆಚ್ಚುಕಡಿಮೆ ಅದೇ ಗತಿಯಾಯಿತು. ಅದರ ಒಂದೇ ಒಂದು ಹಸ್ತಪ್ರತಿ, ಅದೂ ಅಪೂರ್ಣ, ಬರ್ಲಿನ್ನಿನಲ್ಲಿ ಇದೆ.

ಹಾಗಾದರೆ ಗುರು ಹೇಳಿದ್ದು ಎಲ್ಲಿಗೆ ಹೋಯಿತು? ಬಹುಪಾಲು ಗಾಳಿಗೆ. ಸ್ವಲ್ಪ ಮಾತ್ರ, ‘ಮುದ್ರಿತ’ ಎಂದು ನಾವು ಪಕ್ಕಕ್ಕೆ ಸರಿಸುವ ಈ ವಿದ್ಯಾರ್ಥಿ ಪ್ರತಿಗಳ ಅಂಚಿಗೆ ಅಂಟಿಕೊಂಡಿದೆ.

ಈ ವಾರದ ಕಟ್ಟಿನಲ್ಲಿ ‘ಇಕೋ ಯಣಚಿ’ ಎಂಬ ಯಣ್‌ಸಂಧಿಯ ಸೂತ್ರ ಇರುವ ಗರಿಯ ಬಗ್ಗೆ ಹೇಳುತ್ತೇನೆ. ಕೌಮುದಿ ಓದಿದವರಿಗೆಲ್ಲ ಅಲ್ಲಿಯ ಉದಾಹರಣೆ ನೆನಪಿರುತ್ತದೆ: ಸುಧೀ ಮತ್ತು ಉಪಾಸ್ಯ ಸೇರಿ ‘ಸುದ್ಧ್ಯುಪಾಸ್ಯಃ’. ಧಕಾರಕ್ಕೂ ಯಕಾರಕ್ಕೂ ದ್ವಿತ್ವ ವಿಕಲ್ಪ (ಇಮ್ಮಡಿಸಬಹುದು, ಬಿಡಬಹುದು), ಆದ್ದರಿಂದ ನಾಲ್ಕು ರೂಪ ಎಂದು ದೀಕ್ಷಿತರು ಲೆಕ್ಕ ಕೊಟ್ಟು ಮುಂದೆ ಹೋಗುತ್ತಾರೆ. ನಮ್ಮ ಹುಡುಗ (ಹುಡುಗನೇ ಇರಬೇಕು, ಕೈ ಇನ್ನೂ ಪಳಗಿಲ್ಲ) ಹೋಗಿಲ್ಲ. ಎಡಗಡೆ ಗರಿಯ ಸಂಖ್ಯೆ ಬರೆಯುವ ಜಾಗದ ಪಕ್ಕದಲ್ಲಿ, ಸಾಸಿವೆ ಗಾತ್ರದ ಅಕ್ಷರದಲ್ಲಿ, ನಾಲ್ಕೂ ರೂಪ ಕೊರೆದಿದ್ದಾನೆ: ಸುಧ್ಯುಪಾಸ್ಯಃ, ಸುದ್ಧ್ಯುಪಾಸ್ಯಃ, ಸುಧ್ಯ್ಯುಪಾಸ್ಯಃ, ಸುದ್ಧ್ಯ್ಯುಪಾಸ್ಯಃ. ಕನ್ನಡದಲ್ಲಿ ಒತ್ತಕ್ಷರ ಕೆಳಗಿಳಿಯುತ್ತದಲ್ಲ, ಕೊನೆಯ ರೂಪದ ಒತ್ತುಗಳು ಒಂದರ ಕೆಳಗೊಂದು ಜೋತುಬಿದ್ದು ಕೆಳಗಿನ ಸಾಲಿನ ತಲೆಗೆ ತಾಗಿವೆ. ಅಲ್ಲಿ ಕಂಟ (ಗರಿ ಕೊರೆಯುವ ಲೇಖನಿ) ಜಾರಿ ನಾರಿನ ಉದ್ದಕ್ಕೂ ಕೂದಲಿನಷ್ಟು ಸಣ್ಣ ಸೀಳು ಬಿಟ್ಟಿದೆ. ಮುಂದಿನ ‘ಏಚೋಽಯವಾಯಾವಃ’ ಸೂತ್ರದ ಮೇಲೆ, ಸಾಲುಗಳ ನಡುವೆ, ‘ಅಚಿ’ (ಸ್ವರ ಮುಂದೆ ಬಂದಾಗ) ಎಂದು ಬರೆದು ಹಂಸಪಾದ (ಸೇರಿಸುವ ಗುರುತು) ಹಾಕಿದ್ದಾನೆ. ಹಿಂದಿನ ಸೂತ್ರದಿಂದ ‘ಅಚಿ’ ಇಲ್ಲಿಗೆ ಬರುತ್ತದೆ ಎಂದು ಯಾರೋ ಅವನಿಗೆ ಬಾಯಲ್ಲಿ ಹೇಳಿದ್ದಾರೆ. ಸೂತ್ರದ ಕೆಳಗಿನ ವಿವರಣೆಯಲ್ಲಿ ದೀಕ್ಷಿತರೂ ‘ಅಚಿ’ ಎನ್ನುತ್ತಾರೆ ನಿಜ, ಆದರೆ ಪಾಠ ಕೇಳಿದವನು ಹಾಕಿಕೊಂಡ ಈ ಗುರುತು ಅಚ್ಚಾದ ಯಾವ ಕೌಮುದಿಯಲ್ಲಿದೆ?

ಇನ್ನೊಂದು ಕೌಮುದಿ ನೋಡಿದ್ದೆ, ಅದರ ಕಥೆ ಬೇರೆ. ಆರಂಭದ ಪ್ರಕರಣಗಳಾದ ಪಂಚಸಂಧಿ (ಸಂಧಿಗಳು), ಷಡ್ಲಿಂಗ (ನಾಮಪದದ ರೂಪಗಳು) ಮುಗಿಯುವವರೆಗೆ ಗರಿಗಳ ಅಂಚು ಸವೆದು ದುಂಡಗಾಗಿದೆ, ಮಸಿ ಚೆನ್ನಾಗಿ ಕೂತಿದೆ. ಅಲ್ಲಿಂದ ಮುಂದೆ ಕೊರೆದ ಅಕ್ಷರಗಳಿಗೆ ಮಸಿಯನ್ನೇ ತೀಡಿಲ್ಲ! ದೀಪ ಓರೆ ಹಿಡಿದರೆ ಮಾತ್ರ ಗೀರು ಕಾಣುತ್ತದೆ. ಉತ್ಸಾಹದಲ್ಲಿ ಎಲ್ಲ ನಕಲು ಮಾಡಿಕೊಂಡವನು ಓದಿದ್ದು ಅಷ್ಟೇ. ಮುಂದೆ ಬರುವ ತಿಙಂತಕ್ಕೆ (ಕ್ರಿಯಾಪದದ ರೂಪಗಳಿಗೆ) ಹೆದರಿದವರು ನಮ್ಮ ತರಗತಿಯಲ್ಲೂ ಕಡಿಮೆ ಇರಲಿಲ್ಲ.

ಲಿಪಿಕಾರರ ‘ತಪ್ಪು’ಗಳ ಬಗ್ಗೆಯೂ ಸ್ವಲ್ಪ ಹೇಳಬೇಕು. ಪ-ವ ಅದಲುಬದಲು, ಮಹಾಪ್ರಾಣದ ಸೀಳು ಬಿಟ್ಟು ಧ ಹೋಗಿ ದ ಆಗುವುದು, ಒಂದೇ ಪದ ಎರಡು ಸಾಲಲ್ಲಿ ಬಂದರೆ ಕಣ್ಣು ಹಾರಿ ನಡುವಿನದೆಲ್ಲ ಬಿಟ್ಟುಹೋಗುವುದು, ಇವೆಲ್ಲ ಇದ್ದದ್ದೇ. ಅರ್ಧಮಾತ್ರೆ ಉಳಿದರೆ ಮಗ ಹುಟ್ಟಿದಷ್ಟು ಹಿಗ್ಗುವವರು ವೈಯಾಕರಣರಂತೆ. ಈ ಲಿಪಿಕಾರರು ಇಡೀ ವಾಕ್ಯವನ್ನೇ ಉಳಿಸಿಕೊಟ್ಟಿದ್ದಾರೆ, ಅವರ ಮನೆಯಲ್ಲಿ ಎಷ್ಟು ತೊಟ್ಟಿಲು ಕಟ್ಟಬೇಕಿತ್ತೋ! ಆದರೆ ಧರ್ಮ್ಮ, ಕರ್ಮ್ಮ, ಸರ್ವ್ವ ಎಂಬ ಬರವಣಿಗೆ ಆ ಸಾಲಿಗೆ ಸೇರದು. ‘ಅಚೋ ರಹಾಭ್ಯಾಂ ದ್ವೇ’ ಎಂದು ಪಾಣಿನಿಯೇ ಅದಕ್ಕೆ ಅಪ್ಪಣೆ ಕೊಟ್ಟಿದ್ದಾನೆ. ಅದನ್ನು ಕೈತಪ್ಪೆಂದು ತಿದ್ದಿ ‘ಶುದ್ಧಪಾಠ’ ಮಾಡಿದ ಲಿಪ್ಯಂತರಗಳನ್ನು ನೋಡಿದಾಗ ಮೈ ಉರಿಯುತ್ತದೆ.

ವೇದಾಂತದ ಕಟ್ಟುಗಳಿಗೆ ವ್ಯಾಕರಣದಷ್ಟು ತಾತ್ಸಾರ ಇಲ್ಲ, ಮಠಗಳು ಕಾಪಾಡಿಕೊಂಡು ಬಂದಿವೆ. ಮಧ್ವಾಚಾರ್ಯರ ನೇರ ಶಿಷ್ಯ ಹೃಷೀಕೇಶತೀರ್ಥರು ಬರೆದದ್ದೆಂದು ಪರಂಪರೆ ನಂಬುವ ತುಳು ಲಿಪಿಯ ಸರ್ವಮೂಲ (ಮಧ್ವರ ಕೃತಿಗಳ ಸಮುಚ್ಚಯ) ಪಲಿಮಾರು ಮಠದಲ್ಲಿದೆ, ಬನ್ನಂಜೆ ಗೋವಿಂದಾಚಾರ್ಯರು ಅದನ್ನು ಆಧರಿಸಿಯೇ ಸರ್ವಮೂಲ ಸಂಪಾದಿಸಿದರು. ನನಗೆ ಇಲ್ಲಿ ಕುತೂಹಲದ ವಿಷಯ ಬೇರೆ. ಛಾಂದೋಗ್ಯ ಉಪನಿಷತ್ತಿನ ಆರನೇ ಅಧ್ಯಾಯದ ಆ ಪ್ರಸಿದ್ಧ ವಾಕ್ಯ ಓಲೆಯಲ್ಲಿ ಹೇಗಿರುತ್ತದೆ ಗೊತ್ತೇ? ‘ಸಆತ್ಮಾತತ್ತ್ವಮಸಿ’. ಪದ ಬಿಡಿಸುವ ರೂಢಿ ಇಲ್ಲ, ಅವಗ್ರಹ ಚಿಹ್ನೆಯೂ (ಽ) ಸಾಮಾನ್ಯವಾಗಿ ಇಲ್ಲ. ‘ಆತ್ಮಾ ತತ್’ ಎಂದು ಬಿಡಿಸಿದರೆ ಅದ್ವೈತಿಗಳ ‘ತತ್ತ್ವಮಸಿ’. ‘ಆತ್ಮಾ ಅತತ್’ ಎಂದು ಬಿಡಿಸಿದರೆ ಸವರ್ಣದೀರ್ಘವಾಗಿ ಮತ್ತೆ ಅದೇ ‘ಆತ್ಮಾತತ್’, ಮಧ್ವರ ‘ಅತತ್ ತ್ವಮಸಿ’. ನೀನೇ ಅದು, ನೀನು ಅದಲ್ಲ, ಎರಡಕ್ಕೂ ಗರಿಯ ಮೇಲೆ ಅಕ್ಷರ ಒಂದೇ. ಶತಮಾನಗಳ ವಾದ, ಗೆಲುವು, ಸೋಲು ಎಲ್ಲ ನಡೆದಿರುವುದು ಕಂಟ ಕೊರೆಯದೆ ಬಿಟ್ಟ ಜಾಗದಲ್ಲಿ. ಅಚ್ಚಿನಲ್ಲಿ ಹಾಗಲ್ಲ, ಜೋಡಿಸುವವನು ಪದದ ನಡುವೆ ಜಾಗ ಬಿಟ್ಟ ಕ್ಷಣದಲ್ಲೇ ಒಂದು ಪಕ್ಷ ಸೇರಿಬಿಡುತ್ತಾನೆ.

ವ್ರತ, ಪೂಜೆ, ಪ್ರಯೋಗದ (ಕರ್ಮ ಮಾಡಿಸುವ ವಿಧಾನದ) ಕಟ್ಟುಗಳು ಗುರುತು ಹಿಡಿಯಲು ಸುಲಭ. ಎಣ್ಣೆ ಜಿಡ್ಡು, ಅರಿಶಿನ ಕುಂಕುಮದ ಕಲೆ. ಖಾಲಿ ಗರಿಯಲ್ಲಿ ಮಗುವಿನ ಜನನದ ತಿಥಿ ನಕ್ಷತ್ರವೋ, ಕೊಟ್ಟ ಭತ್ತದ ಲೆಕ್ಕವೋ ಇರುತ್ತದೆ. ಕಾಲ ಹೇಳುವುದೇ ಇವುಗಳಲ್ಲಿ ಪೇಚು. ‘ವಿಕಾರಿ ಸಂವತ್ಸರ’ ಎಂದು ಬರೆದು ಶಕವರ್ಷ ಬಿಟ್ಟಿರುತ್ತಾರೆ. ವಿಕಾರಿ 1779ರಲ್ಲೂ ಬಂತು, 1839ರಲ್ಲೂ, 1899ರಲ್ಲೂ. ತಿಥಿಯ ಜೊತೆ ವಾರ ಕೊಟ್ಟಿದ್ದರೆ ಪಂಚಾಂಗದ ಲೆಕ್ಕ ಹಾಕಿ ಹಿಡಿಯಬಹುದು. ಕೊಡದಿದ್ದರೆ ಅಕ್ಷರದ ಮೋಡಿ ನೋಡಿ ಅಂದಾಜು, ಅಷ್ಟೇ.

ನಿಮ್ಮಲ್ಲಿ ಯಾರದಾದರೂ ಅಟ್ಟದ ಮೇಲೆ ಕಟ್ಟು ಇದ್ದರೆ, ದಯವಿಟ್ಟು ಹೊಳೆಗೆ ಬಿಡಬೇಡಿ. ‘ಅಪವಿತ್ರವಾಗಬಾರದು’ ಎಂದು ಬಿಟ್ಟವರು ಎಷ್ಟೋ ಜನ. ಬಿಸಿಲಿಗೆ ಒಣಹಾಕಬೇಡಿ, ಅಡುಗೆಮನೆಯ ಎಣ್ಣೆ ಹಚ್ಚಬೇಡಿ, ಅಂಟಿಕೊಂಡ ಗರಿಗಳನ್ನು ಚಾಕುವಿನಿಂದ ಎಬ್ಬಿಸಬೇಡಿ. ನಿಂಬೆಹುಲ್ಲಿನ ಎಣ್ಣೆ ಹಾಕುವುದಾದರೂ ಕೈ ಪಳಗಿದವರೇ ಹಾಕಲಿ. ಹಳೆಯ ದಾರ ಬಿಚ್ಚಿದರೆ ಗರಿಗಳ ಕ್ರಮ ತಪ್ಪದಂತೆ ನೋಡಿಕೊಳ್ಳಿ. ಮೊದಲು ಫೋಟೋ ತೆಗೆಯಿರಿ, ಎರಡೂ ಮಗ್ಗುಲು, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು. ಖಾಲಿ ಗರಿಗಳನ್ನೂ ಬಿಡಬೇಡಿ. ಹಾಂ, ಚಂದ ಕಾಣಲೆಂದು ಅಂಚು ಕತ್ತರಿಸಿ ಕಳಿಸುವವರು ಇದ್ದಾರೆ, ಹಾಗೆ ಮಾಡಬೇಡಿ, ನನಗೆ ಬೇಕಾದ್ದು ಆ ಅಂಚೇ.